ಹುಳುಮನೆಯ ಕುಂಪಟಿ

ಕರೆಂಟು ಹೋಗಿ ಒಂದು ಗಂಟೆ.
ಗೋಡೆಯ ಮೇಲೆ ಪಾದರಸ
ಇಪ್ಪತ್ತೇಳರಿಂದ ಇಪ್ಪತ್ಮೂರಕ್ಕೆ ಇಳಿದು
ಇನ್ನೂ ಇಳಿಯುವ ಯೋಚನೆಯಲ್ಲಿದೆ.
ಹೊರಗೆ ಪುಷ್ಯದ ಚಳಿ,
ನಂದಿಬೆಟ್ಟದ ಕಡೆಯಿಂದ ನೆಲ ನೆಕ್ಕುತ್ತ ಬರುವ ಗಾಳಿ.
ತಟ್ಟೆಗಳಲ್ಲಿ ಹುಳು ಮೊದಲ ಜ್ವರಕ್ಕೆ ಕೂತಿವೆ,
ಸೊಪ್ಪು ಬಿಟ್ಟು, ತಲೆ ಎತ್ತಿ,
ಯಾರೋ ಹೆಸರು ಹಿಡಿದು ಕರೆದಂತೆ ಅಲುಗದೆ.

ಬಾ ಸುಗುಣ, ಅಟ್ಟದಿಂದ ಕುಂಪಟಿ ಇಳಿಸು.
ಹೋದ ವಾರ ಸೊಪ್ಪು ಹೆಚ್ಚೋದು ಕಲಿತೆ,
ಇವತ್ತು ಬೆಂಕಿ.

ಮೂಲೆಯಲ್ಲಿ ಮೂರು ಚೀಲ. ಕಣ್ಣಲ್ಲಿ ಅಳೆಯಬೇಡ, ಮುಟ್ಟು.
ಇದು ನೀಲಗಿರಿ: ಹಗುರ, ಅಗ್ಗ,
ಹೊತ್ತಿಕೊಂಡರೆ ಚಟಪಟ ಚಾಡಿ ಹೇಳುತ್ತೆ,
ಕಿಡಿ ಹಾರಿ ಮೇಣದ ಕಾಗದಕ್ಕೆ ಬಿದ್ದರೆ ಮುಗೀತು.
ಇದು ತೆಂಗಿನ ಚಿಪ್ಪು. ಬೇಗ ಕಾಯುತ್ತೆ,
ರಾತ್ರಿಯೆಲ್ಲ ಕಾಯೋದು ಅದಕ್ಕೆ ಬಾರದು.
ಇದು ಜಾಲಿ, ಬಾಗೇಪಲ್ಲಿ ಕಡೆಯದು,
ಗಂಗುಲಪ್ಪ ಸೈಕಲ್ಲಿಗೆ ಕಟ್ಟಿ ತಂದದ್ದು.
ಎರಡು ತುಂಡು ತಟ್ಟು. ಕಂಚಿನ ಹಾಗೆ ಠಣ್ ಅನ್ನಬೇಕು.
ಮೊಂಡು ಸದ್ದು ಬಂತೋ, ಒಳಗಿನ್ನೂ ಕಟ್ಟಿಗೆ ಇದೆ;
ಸರಿಯಾಗಿ ಸಾಯದ್ದು ಹೊಗೆಯಾಗಿ ಏಳುತ್ತೆ.
ಮಂಜು ಕುಡಿದ ತುಂಡೂ ಬೇಡ,
ಕೆನ್ನೆಗೆ ಒತ್ತಿಕೋ, ಗೊತ್ತಾಗುತ್ತೆ.

ಹಚ್ಚೋದು ಹೊರಗೆ, ಹೊಂಗೆ ಮರದ ಆಚೆ.
ಅಡಿಗೆ ಒಣ ಹಿಪ್ಪುನೇರಳೆ ಕಡ್ಡಿ
(ಹೋದ ಬೆಳೆಯ ಹುಳು ತಿಂದು ಬಿಟ್ಟದ್ದು),
ಮೇಲೆ ತೆಂಗಿನ ನಾರು,
ಅದರ ಮೇಲೆ ಬೆರಳು ಗಾತ್ರದ ಇದ್ದಿಲು.
ಮುಷ್ಟಿ ಗಾತ್ರದ್ದು ಆಮೇಲೆ.
ಸೀಮೆಎಣ್ಣೆ ಅಂದರೆ ಕೈ ಮುರಿದೇನು.
ನನ್ನ ಮೈದುನ ಒಮ್ಮೆ ಅವಸರಕ್ಕೆ
ಒಂದೇ ಒಂದು ಮುಚ್ಚಳ ಸುರಿದಿದ್ದ.
ಬೆಳಗಾಗುವಾಗ ನೂರು ಮೊಟ್ಟೆಯ ಹುಳು
ಹಸಿರು ಕಕ್ಕಿ ಮಲಗಿದ್ದವು.
ಇವತ್ತಿಗೂ ಈ ಹೊಸ್ತಿಲ ಹತ್ತಿರ
ಅವನು ತನ್ನ ಕೈ ತಾನೇ ಮೂಸಿಕೊಳ್ಳುತ್ತಾನೆ.

ಊದು. ಕೆನ್ನೆ ಉಬ್ಬಿಸಿ ಅಲ್ಲ,
ಬಿಸಿ ಮುದ್ದೆಗೆ ಊದುವ ಹಾಗೆ.
ಮೊದಲು ಬಿಳಿ ಹೊಗೆ, ಆಮೇಲೆ ನೀಲಿ,
ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲದ್ದಕ್ಕೇ ಕಾಯಬೇಕು.
ಅಂಚು ನರೆತು ನಡು ಕೆಂಪಾದಾಗ
ಒಂದು ಬೊಗಸೆ ಬೂದಿ ಹೊದಿಸು,
ಎತ್ತು, ಆ ಕಿವಿ ನಾನು ಹಿಡಿಯುತ್ತೇನೆ.

ಮೇಲಿನ ಕಿಂಡಿ ಮುಚ್ಚಬೇಡ.
ಚಳಿ ಬರಲಿ. ಮುಚ್ಚಬೇಡ ಅಂದೆ.
ಕಣ್ಣುರಿಸುವ ಹೊಗೆ ಪಾಪದ್ದು, ಕೆಮ್ಮಿಸಿ ಎಬ್ಬಿಸುತ್ತೆ.
ಕಾಣದ್ದು ಇನ್ನೊಂದಿದೆ,
ನಿದ್ದೆಯ ಹಾಗೆ ಬಂದು ಪಕ್ಕದಲ್ಲಿ ಕೂರುತ್ತೆ.

ಈ ಕುಂಪಟಿ ಹುಳುವಿಗೆಂದು ಕೊಂಡದ್ದಲ್ಲ.
ವಿಜಯಪುರದ ಸಂತೆಯಲ್ಲಿ ಅತ್ತೆ ಪಿಳ್ಳಮ್ಮ
ಮೂರು ಅಂಗಡಿ ತಿರುಗಿ ಆರಿಸಿದ್ದು,
ನನ್ನ ಬಾಣಂತನಕ್ಕೆ.
ಮಂಚದಡಿ ಇಟ್ಟು, ಸೆರಗಲ್ಲಿ ಗಾಳಿ ಹಾಕಿ,
ಕಿಂಡಿಗೆ ಗೋಣಿ ತುರುಕಿದಳು. ಪ್ರೀತಿಗೆ.
ಬೆಳಗ್ಗೆ ನನಗೆ ತಲೆನೋವು.
ಮಗುವಿಗೆ
ಇರಲಿ, ಆ ಕೆಂಡ ಈ ಕಡೆ ಸರಿಸು.

ಹನ್ನೆರಡು ವರ್ಷ ಅಟ್ಟದಲ್ಲಿತ್ತು.
ನಾನು ಗುಜರಿಗೆ ಹಾಕು ಅಂದರೆ
ಇಳಿಸಿ ತೊಳೆದವಳು ಅವಳೇ:
“ಅದು ತನ್ನ ಕೆಲಸ ಮಾಡ್ತಮ್ಮ,
ಗೋಣಿ ತುರುಕಿದ್ದು ನಾನು.”
ಈ ಹುಳುಮನೆ ಕಟ್ಟುವಾಗ
ಮೇಸ್ತ್ರಿ ಬಿಟ್ಟ ಕಿಂಡಿ ಅವಳಿಗೆ ಸಾಲಲಿಲ್ಲ.
ಮಚ್ಚಿನ ಹಿಂಬದಿಯಲ್ಲಿ
ಇನ್ನೂ ಎರಡು ಇಟ್ಟಿಗೆ ಕಿತ್ತಳು.
ಸೊಟ್ಟಗಿದೆ ನೋಡು.

ಇಪ್ಪತ್ತೈದು. ಇಪ್ಪತ್ತಾರು ಆಗಲಿದೆ.
ತಟ್ಟೆಯ ಮೇಲೆ ಕೈ ಹಿಡಿದು ನೋಡು,
ಮಲಗಿದ ಹಸುವಿನ ಉಸಿರಿನಷ್ಟು ಸಾಕು.
ಕೈ ತೊಳೆದು ಬಾ, ಪೌಡರು ಗೀಡರು ಬೇಡ.

ನಾಲ್ಕು ಗಂಟೆಗೆ ಬಲ್ಬು ಹತ್ತಿತು,
ಹೀಟರು ಗುಂಯ್ ಅಂದಿತು.
ಸುಗುಣ ಅರೆನಿದ್ದೆಯಲ್ಲೇ ಎದ್ದು, ಸ್ಟೂಲು ಹತ್ತಿ
ಸೊಟ್ಟ ಕಿಂಡಿಗೆ ಅಂಗೈ ಒಡ್ಡಿ
ಗಾಳಿ ಇದೆಯಾ ನೋಡಿದಳು.
ನಾನು ಉಳಿದ ಜಾಲಿ ಮಡಕೆಗೆ ಹಾಕಿ ಮುಚ್ಚಿದೆ.
ಹುಳುವಿಗೆ ಜ್ವರ ಬಿಡುವುದು ನಾಳೆ ಸಂಜೆಗೆ.