ಮೈನಸ್ ಮೂರು ಬಿಂದು ಒಂದು

ಡಾಕ್ಟರು ಹೇಳಿದ ಸಂಖ್ಯೆ ಇದು: ಮೈನಸ್ ಮೂರು ಬಿಂದು ಒಂದು.
ಕಿಟಕಿಯಾಚೆಯ ಥರ್ಮಾಮೀಟರಿನಲ್ಲಾಗಿದ್ದರೆ
ವಾರ್ಡೊ ಊರಿನ ಫೆಬ್ರವರಿಗೆ ಅದು ಹಿತವಾದ ದಿನ,
ಕೈಗವಸು ಜೇಬಿನಲ್ಲಿಟ್ಟೇ ನಡೆಯಬಹುದು.
ನನ್ನ ಬೆನ್ನುಮೂಳೆಯಲ್ಲಾದ್ದರಿಂದ
ಒಂದು ಕರಪತ್ರ ಕೊಟ್ಟು ಕಳಿಸಿದರು.

ಮೂವತ್ತೊಂದು ವರ್ಷ ಬಂದರಿನ ಕಾಟಾದ ಹಿಂದೆ ನಿಂತವಳು ನಾನು.
ಕಾಡ್ ಮೀನು, ಹ್ಯಾಡಕ್, ಕೆಂಪು ಏಡಿ.
ದೋಣಿಯವರು ಸುಳ್ಳು ಹೇಳಬಹುದು, ಮುಳ್ಳು ಹೇಳುವುದಿಲ್ಲ.
ಮೊದಲು ಪೆಟ್ಟಿಗೆಯ ತೂಕ ಕಳೆ,
ಆಮೇಲೆ ಮಂಜುಗಡ್ಡೆಯದು,
ಉಳಿದದ್ದು ಮೀನು. ಉಳಿದದ್ದಕ್ಕೇ ದುಡ್ಡು.

ಈಗ ಅಡುಗೆಮನೆಯ ಮೇಜಿನ ಮೇಲೆ ಕರಪತ್ರ ಹರವಿ ಕೂತಿದ್ದೇನೆ.
ವರ್ಷಕ್ಕೊಂದು ಸಲ, ಹದಿನೈದೇ ನಿಮಿಷ, ತೋಳಿನ ನರಕ್ಕೆ ಹನಿಹನಿ.
ಆ ರಾತ್ರಿ ಜ್ವರ ಬರಬಹುದು, ಮೈಕೈ ಜಜ್ಜಿದಂತಾಗಬಹುದು.
ರಕ್ತದ ಸುಣ್ಣ ಇಳಿದು ತುಟಿಯ ಸುತ್ತ ಜುಮುಜುಮು.
ಮೂತ್ರಪಿಂಡ ನೋಡಿಸಿಕೊಳ್ಳಿ. ನೀರು ಕುಡಿಯಿರಿ.
ಬಹಳ ಅಪರೂಪವಾಗಿ ದವಡೆಯ ಮೂಳೆ ಸಾಯಬಹುದು.
ಬಹಳ ಅಪರೂಪವಾಗಿಯೇ ತೊಡೆಮೂಳೆ,
ಬೀಳದೆಯೇ, ಸುಮ್ಮನೆ ನಿಂತಲ್ಲೇ, ಅಡ್ಡಕ್ಕೆ ಲಟಕ್ಕನೆ.
ಮೂಳೆ ಮುರಿಯದಿರಲೆಂದು ಕೊಡುವ ಮದ್ದಿಗೆ
ಮೂಳೆ ಮುರಿಯುವ ಚಾಳಿ!
ಓದಿ ನಕ್ಕೆ. ಒಬ್ಬಳೇ ನಕ್ಕಿದ್ದು ಬೆಕ್ಕಿಗೂ ಹಿಡಿಸಲಿಲ್ಲ.

ತೂಗಹೊರಟರೆ ತಕ್ಕಡಿಯಲ್ಲಿ ಕಪ್ಪೆಗಳನ್ನಿಟ್ಟ ಹಾಗೆ:
ಜ್ವರವನ್ನು ಕೂರಿಸಿದೆ, ದವಡೆ ನೆಗೆಯಿತು;
ದವಡೆಯನ್ನು ಹಿಡಿದು ತರುವಷ್ಟರಲ್ಲಿ ಸೊಂಟ ಕೆಳಗೆ ಹಾರಿತ್ತು.

ಪಕ್ಕದ ಮನೆಯ ಓಡ್‌ಲೌಗ್ ಹೋದ ವರ್ಷ ಹಾಕಿಸಿಕೊಂಡಳು.
"ಸಾಯುವಷ್ಟೇನಿಲ್ಲ," ಎಂದಳು,
"ಸತ್ತರೆ ವಾಸಿ ಅನಿಸುವಷ್ಟು. ಅದೂ ಒಂದೂವರೆ ದಿನ."
ಈ ಮಾತಿಗೆ ಎಷ್ಟು ಗ್ರಾಂ ಬರೆದುಕೊಳ್ಳಲಿ?

ಇನ್ನೊಂದು ತಟ್ಟೆಯಲ್ಲಿ ನನ್ನಕ್ಕ ಬೋರ್ಗ್‌ಹಿಲ್ಡ್.
ಯಾವ ಮದ್ದೂ ಮುಟ್ಟಿದವಳಲ್ಲ, ಯಾವ ಕರಪತ್ರವೂ ಓದಿದವಳಲ್ಲ.
ಕಸದ ಚೀಲ ಹಿಡಿದು ಮೆಟ್ಟಿಲಿಳಿದಳು, ಇದ್ದದ್ದೇ ಮೂರು,
ಎರಡನೆಯದರ ಮೇಲೆ ಕಣ್ಣಿಗೆ ಕಾಣದ ಹಿಮದ ಗಾಜು.
ಸೊಂಟ ಕೂಡಿಸಿದರು, ಕೂಡಿತು ಕೂಡಾ. ಅವಳು ಮಾತ್ರ
ಕಿರ್ಕೆನೆಸ್ ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ.
ಅವಳ ಕಾಡ್‌ಲಿವರ್ ಎಣ್ಣೆಯ ಬಾಟಲಿ, ಅರ್ಧ ತುಂಬಿದ್ದು,
ಈಗ ನನ್ನ ಕಪಾಟಿನಲ್ಲಿದೆ. ಅವಧಿ ಮುಗಿದಿದೆ. ಎಸೆದಿಲ್ಲ.

ದಂತವೈದ್ಯೆ ಯೂರ್ಗಿಟಾ ಬಾಯೊಳಗೆ ದೀಪ ಹಿಡಿದು
"ಮೊದಲು ಈ ದವಡೆಹಲ್ಲು ಹೋಗಲಿ, ಮದ್ದು ಆಮೇಲೆ" ಎಂದಳು.
ಕಿತ್ತಳು. ವಸಡು ಕೂಡುವ ತನಕ ಕಾಯಿರಿ ಎಂದಳು.
ಕಾದೆ. ನಾಲಿಗೆ ದಿನಕ್ಕೆ ನೂರು ಸಲ ಆ ಗುಂಡಿಗೆ ಹೋಗಿ
ಖಾಲಿ ಮನೆಯ ಬಾಗಿಲು ತಟ್ಟಿ ಬಂತು.

ಹಾಗೆ ಕಾಯುತ್ತಿದ್ದ ಒಂದು ರಾತ್ರಿ ಹೊಳೆಯಿತು:
ಎಲ್ಲವನ್ನೂ ತೂಗಿದ್ದೆ, ಪೆಟ್ಟಿಗೆಯ ತೂಕ ಕಳೆದಿರಲಿಲ್ಲ.
ಭಯ ಬರುವುದೂ ಪೆಟ್ಟಿಗೆಯಲ್ಲೇ, ಮಂಜುಗಡ್ಡೆ ತುಂಬಿಕೊಂಡೇ.
ಕಳೆದು ನೋಡಿದೆ.
ಉಳಿದದ್ದು ಬಹಳವಲ್ಲ; ಏನೂ ಇಲ್ಲವೆಂದೂ ಅಲ್ಲ.
ಮುಳ್ಳು ನಡುವಿನಲ್ಲಿ ಅದುರುತ್ತಲೇ ಇತ್ತು.
ಬಂದರಿನಲ್ಲಿ ಗಾಳಿಯಿದ್ದ ದಿನ ಹೀಗೇ ಅದುರುತ್ತಿತ್ತು,
ಆಗಲೂ ಒಂದು ಸಂಖ್ಯೆ ಬರೆದು ಸಹಿ ಹಾಕುತ್ತಿದ್ದೆ.

ಏಪ್ರಿಲ್ ಹತ್ತೊಂಬತ್ತು. ಮುಂಜಾವದ ಹಡಗು.
ಹೊಟ್ಟೆಯಲ್ಲಿ ಎರಡು ಲೋಟ ನೀರು, ಜೇಬಿನಲ್ಲಿ ಪ್ಯಾರಾಸಿಟಮಾಲ್,
ಬೂಟಿನ ಅಡಿಗೆ ಕಬ್ಬಿಣದ ಮೊಳೆ.
ನರ್ಸ್ ಎತ್ತರ ಕೇಳಿದಳು. ನೂರ ಅರವತ್ತಾರು ಎಂದೆ,
ಪಾಸ್‌ಪೋರ್ಟಿನಲ್ಲಿರುವುದು ಅದೇ.
ಗೋಡೆಗೆ ನಿಲ್ಲಿಸಿ ಅಳೆದಳು. ಏನೂ ಹೇಳದೆ
ನೂರ ಅರವತ್ತೊಂದು ಎಂದು ಬರೆದು ಸಹಿ ಹಾಕಿದಳು.
ಸಹಿ ಚೊಕ್ಕವಾಗಿತ್ತು.
ತೋಳು ಚಾಚಿದೆ.