ಇಲಾಖೆಯ ನೀರು

ನನ್ನ ಕೆಲಸ ಏನಂತ ಕೇಳಿದರೆ
ಕೆರೆಗೆ ನೀರು ಚಿಮುಕಿಸುವುದು.
ನಗಬೇಡಿ. ಸಂಬಳದ ಚೀಟಿಯಲ್ಲಿ ಹಾಗೇ ಇದೆ,
ಸ್ವಲ್ಪ ದೊಡ್ಡ ಮಾತಿನಲ್ಲಿ:
ಡೆಲ್ಬರ್ಟ್, ಧೂಳು ನಿಯಂತ್ರಣ, ದರ್ಜೆ ಎರಡು,
ನೀರು ಮತ್ತು ವಿದ್ಯುತ್ ಇಲಾಖೆ,
ಲಾಸ್ ಏಂಜಲೀಸ್ ನಗರ.

ನಗರ ಇಲ್ಲಿಂದ ಇನ್ನೂರು ಮೈಲಿ.
ಇಲ್ಲಿರುವುದು ಓವೆನ್ಸ್ ಕಣಿವೆ, ಬತ್ತಿದ ಕೆರೆ,
ಪಡುವಣಕ್ಕೆ ಸಿಯೆರಾ ಬೆಟ್ಟದ ಹಿಮ.
ಕರಗಿದ ನೀರು ಕೆರೆಯ ತನಕ ಬರುವುದೇ ಇಲ್ಲ,
ನಡುದಾರಿಯಲ್ಲೇ ಬಲಕ್ಕೆ ಹೊರಳಿ ಕಾಲುವೆ ಹಿಡಿದು
ಹೊರಟುಬಿಡುತ್ತದೆ ಪಟ್ಟಣಕ್ಕೆ, ನೂರು ವರ್ಷದಿಂದ,
ಕೊನೆಯ ಬಸ್ಸು ತಪ್ಪೀತು ಅನ್ನುವ ಹಾಗೆ.

ಲೆನಾ ಅಜ್ಜಿ ಹೇಳುತ್ತಿದ್ದಳು, ಅವಳಿಗೆ ಅವಳಮ್ಮ ಹೇಳಿದ್ದು:
ದಂಡೆಯುದ್ದಕ್ಕೂ ಉಪ್ಪುನೊಣದ ಮರಿ,
ಬುಟ್ಟಿಯಲ್ಲಿ ಬಾಚಿ, ಬಿಸಿಲಿಗೆ ಹರವಿ, ಉಜ್ಜಿ, ಕೇರಿ
ನಮ್ಮ ಪೈಯೂಟ್ ಜನ
ಚಳಿಗಾಲಕ್ಕೆ ಎತ್ತಿಡುತ್ತಿದ್ದರಂತೆ.
ರುಚಿ ಹೇಗಿತ್ತಜ್ಜೀ?
"ನಾನೆಲ್ಲಿ ತಿಂದೆನೋ, ನಾನು ತಿಂದದ್ದು ಧೂಳು"
ಅನ್ನುತ್ತಿದ್ದಳು, ಕೆಮ್ಮುತ್ತ, ನಗುತ್ತ,
ಯಾವುದು ಕೆಮ್ಮು ಯಾವುದು ನಗೆ ತಿಳಿಯದ ಹಾಗೆ.

ಗಾಳಿ ಎದ್ದರೆ ಕೆರೆಯೇ ಎದ್ದು ನಡೆಯುತ್ತಿತ್ತು ಆಗ,
ಬೆಳ್ಳಗೆ, ಬಾಗಿಲ ಸಂದಿಯಲ್ಲಿ, ರೊಟ್ಟಿಯ ಮೇಲೆ.
ದಾವೆ, ವಾಯಿದೆ, ತೀರ್ಪು, ಮತ್ತೆ ದಾವೆ.
ಕಡೆಗೆ ಇಲಾಖೆ ಒಪ್ಪಿತು:
ಹಸು ಹೊಡೆದುಕೊಂಡು ಹೋದವರು
ಕರುವಿಗೆ ದಿನಕ್ಕೊಂದು ಒಳಲೆ ಹಾಲು ಕಳಿಸಿದರು.
ಆ ಒಳಲೆ ಹಿಡಿದವನು ನಾನು,
ವಿಮೆ ಉಂಟು, ಪಿಂಚಣಿ ಉಂಟು, ದೂರುವಂತಿಲ್ಲ.

ನಾನು, ಎವರಿಸ್ಟೊ, ಒಂದು ಬಿಳಿ ಟ್ರಕ್ಕು.
ಸಾಲು ಸಾಲು ಚಿಮ್ಮುಗೊಳವೆ,
ಉಪ್ಪು ಕಚ್ಚಿ ಬಾಯಿ ಕಟ್ಟಿದವನ್ನು
ತಂತಿಯಿಂದ ಕೆದಕಿ ಮಾತಾಡಿಸುವುದು.
ಮರಳುಹಕ್ಕಿಯ ಮೊಟ್ಟೆ ಕಂಡರೆ
ಬಾವುಟ ನೆಟ್ಟು ಹಿಂದೆ ಸರಿಯಬೇಕು.
ಅಷ್ಟೇ ನೀರಿಗೆ ಹಕ್ಕಿ ಬರುತ್ತದಲ್ಲ,
ಅದಕ್ಕೆ ಯಾರು ತೀರ್ಪು ಓದಿ ಹೇಳಿದರೋ.

ಮಾರ್ಚಿಯಲ್ಲಿ ತರಬೇತಿಗೆಂದು ಕರೆಸಿದರು.
ಹೊಸ ಕವಾಟ, ಹೊಸ ಫಾರಮ್ಮು, ತಣ್ಣನೆ ಸ್ಯಾಂಡ್‌ವಿಚ್.
ಇಲಾಖೆಯ ಕಟ್ಟಡದ ಸುತ್ತ ಕೊಳ,
ಕೊಳದ ತುಂಬ ಕಟ್ಟಡದ ದೀಪ.
ರಾತ್ರಿ ಹೋಟೆಲಿನ ಒಂಬತ್ತನೇ ಮಹಡಿ,
ಮುಖ ತೊಳೆಯಲು ನಲ್ಲಿ ತಿರುಗಿಸಿ
ಒಂದು ಬೊಗಸೆ ಬಾಯಿಗೆ ಹಾಕಿಕೊಂಡೆ.

ಅರೆ, ನೀನಾ?

ಔಷಧಿ ಹಾಕಿದ್ದರು, ವಾಸನೆ ಬೇರೆ.
ಆದರೂ ಪರಊರ ಸಂತೆಯಲ್ಲಿ
ನಮ್ಮೂರ ಹುಡುಗಿ ಬೇರೆಯವರ ಕೋಟು ತೊಟ್ಟು ಎದುರಾದರೆ
ನಡಿಗೆ ನೋಡಿ ಗುರುತು ಹಿಡಿಯುವುದಿಲ್ಲವೇ?
ದಾರಿಯಲ್ಲಿ ನಿನ್ನನ್ನು ಬೆಟ್ಟದಿಂದ ದೂಡಿ
ಚಕ್ರ ತಿರುಗಿಸಿಕೊಂಡರಂತೆ,
ಬೀಳುವಾಗಲೂ ದುಡಿಸಿದರಂತೆ.
ಕನ್ನಡಿಯ ಮೇಲಿನ ಈ ದೀಪ,
ಅದೂ ನೀನೇ ಇರಬಹುದು, ಒಂದೆರಡು ಹನಿಯಷ್ಟು.
ಎರಡಕ್ಕೂ ಸೇರಿ ಒಂದೇ ಬಿಲ್ಲು ಈ ಊರಲ್ಲಿ.

ಅಳುವ ಪೈಕಿ ಅಲ್ಲ ನಾನು.
ನಲ್ಲಿ ಬಿಟ್ಟೇ ನಿಂತಿದ್ದೆ ಸ್ವಲ್ಪ ಹೊತ್ತು,
ಬರಗಾಲದ ಸೂಚನೆ ಗೋಡೆಯ ಮೇಲೆ
ನನ್ನನ್ನೇ ನೋಡುತ್ತಿತ್ತು.
ಪಕ್ಕದ ಕೋಣೆಯಲ್ಲಿ ಯಾರೋ ಸ್ನಾನಕ್ಕಿಳಿದರು,
ಮಗುವಿನ ಕೇಕೆ, ತಾಯಿಯ ಗದರಿಕೆ, ಮತ್ತೆ ಕೇಕೆ.
ಆ ಮಗುವಿನ ಮೇಲೆ ಏನು ದಾವೆ ಹೂಡಲಿ?

ಒಂದು ಬಾಟಲಿ ತುಂಬಿಕೊಂಡೆ. ಯಾಕೆ ಅಂತ ಕೇಳಬೇಡಿ.
ಕೆರೆಗೆ ಒಯ್ದು ಸುರಿಯುವುದು,
ಅಜ್ಜಿಯ ಹೆಸರು ಹೇಳುವುದು,
ಹೀಗೆಲ್ಲ ಹೆದ್ದಾರಿಯುದ್ದಕ್ಕೂ ಅಂದುಕೊಂಡದ್ದು ನಿಜ.
ನಾಲ್ಕು ದಿನ ಟ್ರಕ್ಕಿನಲ್ಲೇ ಉರುಳಾಡಿತು.

ಐದನೆಯ ದಿನ ಗಾಳಿ.
ಹನ್ನೊಂದನೇ ಸಾಲಿನ ಮೂತಿ ಕಟ್ಟಿ
ಎವರಿಸ್ಟೊ ಕೂಗಿದ: ತೊಳೆಯೋಕೆ ಏನಾದರೂ ಕೊಡೋ!
ಕೈಗೆ ಸಿಕ್ಕಿದ್ದು ಅದೇ.
ಉಪ್ಪು ಕರಗಿತು. ಗೊಳವೆ ಒಮ್ಮೆ ಕೆಮ್ಮಿ,
ಉಗುಳಿ, ಶುರುವಾಯಿತು.
ಖಾಲಿ ಬಾಟಲಿ ಸೀಟಿನ ಕೆಳಗೆ ಎಸೆದು
ಹನ್ನೆರಡನೇ ಸಾಲಿಗೆ ನಡೆದೆವು.