ತಟ್ಟಿ ನೋಡುವುದು

ಮೇಲಿನ ಕೋಣೆಯ ಹುಡುಗಿ ತಾರಸಿಗೆ ಹೋಗುವುದು
ಒಣಗಿದ ಬಟ್ಟೆ ತರಲಿಕ್ಕಲ್ಲ.
ಸಿಂಟೆಕ್ಸಿನ ಪಕ್ಕ, ಪಡುವಣ ಮೂಲೆಯಲ್ಲಿ
ಸಿಗ್ನಲ್ಲು ಮೂರು ಗೆರೆ ಏಳುತ್ತದೆ.
ಅಲ್ಲಿಗೆ ಅವಳ ಅಮ್ಮ ಬರುತ್ತಾರೆ.

ಹೆಸರು ಝುಹುರಾ. ಊರು ತಾಂಗಾ, ಆಫ್ರಿಕದ ಕರಾವಳಿ.
ಓದುವುದು ಫಿಸಿಯೋಥೆರಪಿ, ಎರಡನೇ ವರ್ಷ.
ಅಡ್ವಾನ್ಸು ಕೊಟ್ಟ ದಿನ ಕೇಳಿದ್ದು ಒಂದೇ: ನೆಟ್ ಉಂಟಾ?
ಹಿಂದೆ ಇದ್ದವರೆಲ್ಲ ನೀರುಂಟಾ ಅಂತ ಕೇಳುತ್ತಿದ್ದರು.

ಬೆಳಗ್ಗೆ ಎದ್ದ ಕೂಡಲೇ ಸ್ಟೇಟಸ್ ಹಾಕುತ್ತಾಳೆ,
ಅದರಲ್ಲಿ ಎಂತದ್ದೂ ಇಲ್ಲ.
ನಮ್ಮ ಬಸಳೆ ಚಪ್ಪರ, ಜೆಪ್ಪು ಬಸ್ಸಿನ ಕಂಬಿ,
ಸ್ಟೀಲು ಲೋಟದ ಚಹಾ.
ಅಮ್ಮ ನೋಡಿದರೆ ಕೆಳಗೆ ಅವರ ಹೆಸರು ಬೀಳುತ್ತದೆ.
"ಅಷ್ಟು ಸಾಕು ಆಂಟಿ. ನಾನು ಎದ್ದೆ, ಅವರು ಎದ್ದರು."

ಜ್ವರ ಬಂದ ಮೂರು ದಿನವೂ ಹಳೆಯ ಫೋಟೋ ಹಾಕಿದಳು,
ಹೋದ ವಾರದ ಬಿಸಿಲು.
ಗಂಜಿ ತೆಗೆದುಕೊಂಡು ಹೋದವಳು ಕಂಡೆ, ಸುಮ್ಮನಿದ್ದೆ.
ಮದುವೆಯಾಗಿ ಬೊಂಬಾಯಿಗೆ ಹೋದ ಹೊಸತರಲ್ಲಿ
ಕೆಮ್ಮುತ್ತಾ ಕೆಮ್ಮುತ್ತಾ ಇನ್‌ಲ್ಯಾಂಡಿನಲ್ಲಿ
"ಕ್ಷೇಮ" ಎಂದು ಬರೆದವಳೇ ನಾನು.

ಅವಳ ಭಾಷೆ ನನಗೆ ಬಾರದು.
ಕಿವಿಗೆ ಬಿದ್ದು ಉಳಿದದ್ದು ನಾಲ್ಕು ಮಾತು:
ಚಾಯ್ ಅಂದರೆ ಚಾಯೇ, ದುಕಾ ಅಂದರೆ ದುಕಾನು,
ಬಂಗುಡೆಗೆ ಕಿಬುವ. ಇನ್ನೊಂದು ಮರೆತುಹೋಯಿತು.
ಒಮ್ಮೆ ಪುಳಿಮುಂಚಿಯ ಮಣ್ಣಿನ ಸಟ್ಟಿಯನ್ನೇ
ಎತ್ತಿ ಫೋನಿಗೆ ಹಿಡಿದೆ.
ಆಚೆಯ ಹೆಂಗಸು ಮುಂದೆ ಬಾಗಿದರು, ಮೂಸಿದರು:
ಪರದೆ ತುಂಬ ಒಂದು ಮೂಗು.

ಏಪ್ರಿಲ್ ಬಂತು. ನಮಗೆ ಬೆವರು, ಅವರಿಗೆ ಮಳೆ.
ಸೋರುವ ಮಾಡಿಗೆ ಅವಳ ತಮ್ಮ ಹಮೀಸಿ ಹತ್ತಿದ್ದಾನೆ.
ಒಡೆದ ಹಂಚನ್ನು ಬಿಡಿಸಲು
ಪಕ್ಕದ ಒಳ್ಳೆಯದನ್ನೂ ಕೆಳಗಿಳಿಸಿ,
ಬೆನ್ನಿನ ಪಾಚಿಯನ್ನು ಅಂಗಿಯಲ್ಲೇ ಒರೆಸಿದ.
ಅಕ್ಷರ ಎದ್ದವು.

ಇಲ್ಲಿ ಅವಳು ಒಂದೇ ಕಾಲಿನ ಚಪ್ಪಲಿಯಲ್ಲಿ
ಮೆಟ್ಟಿಲು ಹಾರಿ ಬಂದಳು,
ಅರ್ಧ ಇಂಗ್ಲಿಷು, ಅರ್ಧ ಕನ್ನಡ:
"ಆಂಟಿ, ನಿಮ್ಮ ಮಂಗಳೂರು ನಮ್ಮ ಮನೆಯ ಮೇಲೆ ಉಂಟು!"

ನನ್ನ ಅಮ್ಮ ಅಪ್ಪಿ. ಎಂಬತ್ತಾರು.
ಹದಿನಾಲ್ಕಕ್ಕೆ ಹಂಚಿನ ಕಾರ್ಖಾನೆಗೆ ಸೇರಿದವಳು.
ಪ್ರೆಸ್ಸಿನಿಂದ ಹಸಿ ಹಂಚನ್ನು ಮೀಯಿಸಿದ ಕೂಸಿನ ಹಾಗೆ
ಎರಡು ಅಂಗೈಯಲ್ಲಿ ಎತ್ತಿ
ಅಂಚು ಸವರಿ ಅಟ್ಟಣೆಗೆ ಇಡುವುದು.
ಮತ್ತೆ ಭಟ್ಟಿ. ಮತ್ತೆ ಬಂದರಿನಲ್ಲಿ ಮಂಜಿ.
ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಕೇಳಿದ್ದಳಂತೆ.
"ನೀರಿನಾಚೆಗೆ" ಅಂದನಂತೆ ಮೇಸ್ತ್ರಿ.
ಅಷ್ಟೇ ವಿಳಾಸ.

ಹೊಗೆಗೂಡು ನಿಂತಿದ್ದಲ್ಲಿ ಈಗ ಹನ್ನೆರಡು ಮಾಳಿಗೆ, ಲಿಫ್ಟು.
ನಮ್ಮ ಮನೆಗೂ ಹಂಚಿಲ್ಲ.
ಹಂಚಿನ ಮೇಲೆ ಬಾಡಿಗೆಯ ಕೋಣೆ ಏರಿಸಲಿಕ್ಕಾಗುತ್ತದಾ?
ಇಳಿಸಿದ ದಿನ ಅಮ್ಮ ಊಟ ಬಿಟ್ಟಿದ್ದಳು.
ಹಲ್ಲುನೋವು ಅಂದಿದ್ದಳು.

ಫೋನು ಕೊಟ್ಟರೆ ಅಮ್ಮ
ಎರಡು ಅಂಗೈಯಲ್ಲಿ ತೆಗೆದುಕೊಂಡಳು.
ಹತ್ತಿರ ಹಿಡಿದಳು, ದೂರ ಹಿಡಿದಳು.
"ಮಗುಚಲು ಹೇಳು ಅವನಿಗೆ."
ತುಳು ನನ್ನಲ್ಲಿ ಕನ್ನಡವಾಗಿ,
ಹುಡುಗಿಯ ಬಾಯಲ್ಲಿ ಏನೋ ಆಗಿ ಕಡಲು ದಾಟಿತು.
ಹಮೀಸಿ ಮಗುಚಿದ.

ಅಮ್ಮ ಬೆರಳು ಮಡಚಿ
ಗೆಣ್ಣಿನಲ್ಲಿ ಗಾಜಿಗೆ ಎರಡು ಸಲ ತಟ್ಟಿದಳು,
ಕಿವಿ ಕೊಟ್ಟಳು.
ಕರೆ ಕಟ್ಟಾಯಿತು.

ಸಿಂಟೆಕ್ಸು ತುಂಬಿ ಸುರಿಯುತ್ತಿತ್ತು,
ಯಾರೂ ಪಂಪು ಆಫ್ ಮಾಡಲಿಲ್ಲ.
ಬೆಂದ ಹಂಚು ಹಾಡುತ್ತದೆ, ಬಿರುಕಿದ್ದರೆ ಮೂಕ.
ನನಗೆ ಗೊತ್ತಿತ್ತು; ಹುಡುಗಿಗೆ ಹೇಳಿದೆ.
ಅವಳು ಮತ್ತೆ ಒತ್ತಿದಳು. ಚಕ್ರ ತಿರುಗಿತು.
ಅಲ್ಲಿ ಅವಳ ಅಮ್ಮ ಹಂಚನ್ನು
ಫೋನಿನ ಬಾಯಿಗೆ ಹಿಡಿದು,
ಉಂಗುರದ ಬೆರಳು ಮಡಚಿ

ಟಣ್.

ಸ್ವಲ್ಪ ಹರಿದುಕೊಂಡು, ಸ್ವಲ್ಪ ತಡವಾಗಿ ಬಂತು.
ಅಮ್ಮ ಎಲೆಯಡಿಕೆಯ ಚೀಲಕ್ಕೆ ಕೈಹಾಕಿದಳು.
"ಬೆಂದಿದೆ" ಅಂದಳು.
"ಬೇಗ ಹಾಕಲಿ. ಮಳೆ ಒಳಗೆ ಬರುತ್ತದೆ."